ಹೋಳೂರಿನಿಂದ ಹೊರಟ ಮನೆಗಾಡಿ

ಕೋಲಾರ ತಾಲ್ಲೂಕಿನ ಹೋಳೂರು ಹೋಬಳಿಯಲ್ಲಿ ಯಾವ ದಿಬ್ಬವನ್ನೇರಿ ನಿಂತರೂ ಕಣ್ಣಿಗೆ ಮೊದಲು ಬೀಳುವುದು ಬಂಡೆ. ಬಂಡೆಯ ಬುಡದಲ್ಲಿ ಕೆರೆಯ ಏರಿ. ಏರಿಯ ಆಚೆಗೆ ಮಾವಿನ ತೋಪು. ಬಡಗಲಿಗೆ ಶ್ರೀನಿವಾಸಪುರ, ಮೂಡಲಿಗೆ ಮುಳಬಾಗಿಲು, ನೈರುತ್ಯಕ್ಕೆ ಮಾಲೂರು. ವರ್ಷಕ್ಕೆ ಮೂವತ್ತು ಅಂಗುಲದ ಆಸುಪಾಸಿನ ಮಳೆಯನ್ನು ನಂಬಿ ಬಾಳುವ ಸೀಮೆ. ಪಾಲಾರು ಈ ಜಿಲ್ಲೆಯಲ್ಲಿ ಹರಿಯುವುದೆಂಬುದು ಭೂಪಟದ ಮಟ್ಟಿಗೆ ನಿಜ. ನೆಲದ ಮೇಲೆ ವರ್ಷದ ಬಹುಭಾಗ ಅದು ಬರಿಯ ಮರಳಿನ ದಾರಿ. ಆದುದರಿಂದಲೇ ಇಲ್ಲಿನ ಹಿರಿಯರು ಕೆರೆಗಳನ್ನು ಕಟ್ಟಿದರು; ಕೆರೆಗಳು ಬತ್ತಿದಾಗ ಅವರ ಮೊಮ್ಮಕ್ಕಳು ಕೊಳವೆ ಬಾವಿಗಳನ್ನು ಕೊರೆದರು; ಸಾವಿರ ಅಡಿಯ ಕೆಳಗೂ ನೀರು ಕಾಣದಾದಾಗ ಆಕಾಶ ನೋಡಿದರು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ. ಸಿ. ವ್ಯಾಲಿ ಯೋಜನೆಯಿಂದ ಜಿಲ್ಲೆಯ ಹಲವು ಕೆರೆಗಳಿಗೆ ಹರಿಯತೊಡಗಿದೆ. ಆ ನೀರಿನ ಗುಣದ ವಿಚಾರವಾಗಿ ಊರೂರಲ್ಲೂ ವಾದವುಂಟು. ಅದು ಬೇರೊಂದು ಪುರಾಣ.

ನೆಲ ಒಣಗಿದ್ದ ಮಾತ್ರಕ್ಕೆ ಇಲ್ಲಿನ ಜನ ಹೊಸ್ತಿಲು ದಾಟದವರೆಂದು ತಿಳಿಯಬಾರದು. ಸುಗ್ಗಿ ಮುಗಿದು ಕಣ ಬರಿದಾಯಿತೆಂದರೆ ಸಂಸಾರ ಸಮೇತ ಹೊರಟೇಬಿಡುವುದು ಈ ಸೀಮೆಯ ಹಳೆಯ ಚಾಳಿ. ಶಿವರಾತ್ರಿಗೆ ಆವನಿಯ ಜಾತ್ರೆ: ವಾಲ್ಮೀಕಿಯ ಆಶ್ರಮವಿದ್ದುದು ಅಲ್ಲಿಯೇ, ಸೀತಾದೇವಿ ಲವಕುಶರನ್ನು ಹೆತ್ತದ್ದು ಅಲ್ಲಿಯೇ ಎಂದು ಜನರ ನಂಬುಗೆ. ನೊಳಂಬರ ಕಾಲದ ರಾಮಲಿಂಗೇಶ್ವರನ ಗುಡಿಗಳ ಸುತ್ತಣ ಬಯಲಿನಲ್ಲಿ ದನಗಳ ಪರಿಷೆ ಕೂಡಿದಾಗ ಹಳ್ಳಿಕಾರ್ ಹೋರಿಗಳ ಕೊಂಬಿನ ಕಾಡೇ ಎದ್ದು ನಿಂತಂತಿರುತ್ತದೆ. ಕುರುಡುಮಲೆಯ ಏಕಶಿಲಾ ಗಣಪನಿಗೆ ಕೈಮುಗಿಯದೆ ದೊಡ್ಡ ಪ್ರಯಾಣಕ್ಕೆ ಹೊರಡುವವರು ಅಪರೂಪ. ಇನ್ನು ದೊಡ್ಡ ಪ್ರಯಾಣವೆಂದರೆ ತಿರುಪತಿಯೇ. ಮುಳಬಾಗಿಲೆಂಬ ಹೆಸರೇ 'ಮೂಡಲ ಬಾಗಿಲು' ಎಂಬುದರಿಂದ ಬಂದದ್ದು. ಆ ಬಾಗಿಲನ್ನು ದಾಟುವ ಮುನ್ನ ನರಸಿಂಹತೀರ್ಥದಲ್ಲಿ ಮಿಂದು, ಆಂಜನೇಯನಿಗೆ ನಮಸ್ಕರಿಸಿ ಮುಂದೆ ಸಾಗುವುದು ಯಾತ್ರಿಕರ ಪದ್ಧತಿಯಾಗಿತ್ತು.

ಈ ಪ್ರಯಾಣಗಳ ವಾಹನ ಕಮಾನು ಗಾಡಿ. ಅದನ್ನು ಬರಿಯ ಗಾಡಿಯೆಂದರೆ ಸಾಲದು. ಅದು ಮನೆಯ ಒಂದು ಕೋಣೆಯನ್ನು ಬಿಚ್ಚಿ ಚಕ್ರದ ಮೇಲಿಟ್ಟಂತೆ. ಕೆಳಗೆ ಹುಲ್ಲಿನ ಹಾಸು, ಹುಲ್ಲಿನ ಮೇಲೆ ಜಮಖಾನ, ತಲೆಯ ಮೇಲೆ ಬಿದಿರಿನ ಕಮಾನು ಮತ್ತು ಚಾಪೆ, ಅಡಿಯಲ್ಲಿ ತೂಗುವ ಲಾಟೀನು, ಹಿಂದಕ್ಕೆ ಕಟ್ಟಿದ ಕೊಡ. ದಿನಕ್ಕೆ ಹದಿನೈದು ಮೈಲಿ ನಡೆದರೆ ಎತ್ತುಗಳಿಗೆ ಹಿತ. ಆ ಲೆಕ್ಕದಲ್ಲಿ ಹೋಳೂರಿನ ಕಡೆಯಿಂದ ತಿರುಪತಿಗೆ ಆರೇಳು ರಾತ್ರಿಗಳಾದರೂ ದಾರಿಯಲ್ಲೇ ಕಳೆಯಬೇಕು. ತೋಪಿನಲ್ಲಿ ಗಾಡಿ ಬಿಟ್ಟು, ಮೂರು ಕಲ್ಲು ಹೂಡಿ, ಮುದ್ದೆ ತಿರುವಿ, ನಕ್ಷತ್ರ ನೋಡುತ್ತ ಮಲಗುವುದಕ್ಕೆ ಈಗ ನಗರದವರು 'ಕ್ಯಾಂಪಿಂಗ್' ಎಂದು ಹೆಸರಿಟ್ಟು ಹಣ ಕೊಟ್ಟು ಕೊಳ್ಳುತ್ತಿದ್ದಾರೆ.

ಒಳ್ಳೆಯ ಗಾಡಿಯನ್ನು ಆರಿಸುವುದು ಒಳ್ಳೆಯ ಬೀಗರನ್ನು ಆರಿಸುವಷ್ಟೇ ದೊಡ್ಡ ಕೆಲಸ. ಬಡಗಿಯ ಅಂಗಳದಲ್ಲಿ ಗೃಹಸ್ಥನು ಮೊದಲು ನೋಡುತ್ತಿದ್ದುದು ಕಮಾನಿನ ಬಣ್ಣವನ್ನಲ್ಲ, ಚಕ್ರದ ಗುಂಬವನ್ನು. ಅರೆಗಳು ಗುಂಬಕ್ಕೆ ಕೂರುವ ಬಾಯಲ್ಲಿ ಕಾಗದದ ಎಳೆ ತೂರಿದರೂ ಆ ಚಕ್ರ ಬೇಡ. ಮರ ಜಾಲಿಯೋ, ಬಾಗೆಯೋ. ಎಷ್ಟು ವರ್ಷ ನೆರಳಲ್ಲಿ ಒಣಗಿದ್ದು. ಸುತ್ತಿಗೆಯಿಂದ ತಟ್ಟಿದರೆ ಘಂಟೆಯಂತೆ ನುಡಿಯುವುದೋ, ಕುಂಬಳಕಾಯಿಯಂತೆ ಗುದ್ದುವುದೋ? ಕಡೆಗೆ ಕಬ್ಬಿಣದ ಪಟ್ಟಿ. ಪಟ್ಟಿಯ ಬಳೆಯನ್ನು ಚಕ್ರಕ್ಕಿಂತ ಕೊಂಚ ಚಿಕ್ಕದಾಗಿಯೇ ಮಾಡುತ್ತಾರೆ. ಬೆರಣಿಯ ಬೆಂಕಿಯಲ್ಲಿ ಅದನ್ನು ಕೆಂಪಗೆ ಕಾಯಿಸಿದರೆ, ಐದಡಿ ಅಡ್ಡಳತೆಯ ಚಕ್ರದ ಪಟ್ಟಿ ಸುತ್ತಳತೆಯಲ್ಲಿ ಸುಮಾರು ಒಂದು ಅಂಗುಲ ಹಿಗ್ಗುತ್ತದೆ. ಆ ಕ್ಷಣದಲ್ಲಿ ಇಕ್ಕಳದಿಂದೆತ್ತಿ ಚಕ್ರಕ್ಕೆ ತೊಡಿಸಿ ನೀರು ಸುರಿದರೆ, ಪಟ್ಟಿ ಕುಗ್ಗಿ, ಬಳೆ, ಅರೆ, ಗುಂಬ ಎಲ್ಲವನ್ನೂ ಒಂದೇ ಹಿಡಿತಕ್ಕೆ ತರುತ್ತದೆ. ಮೊಳೆಯಿಲ್ಲ, ಅಂಟಿಲ್ಲ. ಕುಗ್ಗುವ ಕಬ್ಬಿಣದ ಬಲವೊಂದೇ ಆ ಚಕ್ರವನ್ನು ಮೂವತ್ತು ವರ್ಷ ಕಾಯುವುದು.

ಕಮಾನು ಗಾಡಿಯ ಕಾಲ ಮುಗಿಯಿತು. ಮೊದಲು ಟಯರು ಗಾಡಿ ಬಂತು. ಆಮೇಲೆ ಟ್ರಾಕ್ಟರು ಬಂತು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯನ್ನು ಸುಧಾರಿಸಿ ಎತ್ತಿನ ಹೆಗಲಿನ ನೋವು ತಗ್ಗಿಸಬೇಕೆಂದು ವರ್ಷಗಟ್ಟಲೆ ಹೋರಾಡಿದರು. ಅಂಥ ವಿದ್ವಾಂಸರೊಬ್ಬರು ನೊಗದ ವಿಚಾರಕ್ಕೆ ತಲೆ ಕೊಟ್ಟರೆಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಈಗ ಹಳೆಯ ಚಕ್ರಗಳನ್ನು ಕೇಳಿಕೊಂಡು ಬರುವವರು ರೈತರಲ್ಲ. ಹೆದ್ದಾರಿಯ ಉಪಾಹಾರಗೃಹಗಳ ಗೋಡೆಗೆ ಅಲಂಕಾರ ಬೇಕಾದವರು.

ಇಷ್ಟು ಪೀಠಿಕೆ ಏಕೆಂದರೆ, ಹೋಳೂರಿನ ಕಡೆಯ ನಮ್ಮ ಬಂಧುಗಳ ಮನೆಯೊಂದರಲ್ಲಿ ಹೊಸ ಬಗೆಯ ಗಾಡಿಯೊಂದನ್ನು ಕೊಳ್ಳುವ ಮಾತೆದ್ದಿತು. ಮೋಟಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಮನೆಗಾಡಿ. ಇಂಗ್ಲಿಷರು ಕ್ಯಾರವಾನು ಎನ್ನುವುದೂ ಅಮೆರಿಕದವರು ಟ್ರೈಲರು ಎನ್ನುವುದೂ ಇದನ್ನೇ. ಇದರ ವಂಶವೃಕ್ಷವೂ ಕಮಾನು ಗಾಡಿಯಿಂದ ಬಹು ದೂರದ್ದಲ್ಲ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾ ವೈದ್ಯನು ವಿಹಾರಕ್ಕೆಂದೇ ಒಂದು ಮರದ ಮನೆಗಾಡಿಯನ್ನು ಮಾಡಿಸಿ, ಎರಡು ಕುದುರೆ ಕಟ್ಟಿ, ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ ಓಡಾಡಿ ಬಂದನು. ಅದರ ತೂಕ ಎರಡು ಟನ್ನಿನಷ್ಟು! ಕುದುರೆಗಳ ಅಭಿಪ್ರಾಯವನ್ನು ಯಾರೂ ಬರೆದಿಟ್ಟಿಲ್ಲ. ಅರ್ಧ ಶತಮಾನ ಕಳೆದ ಮೇಲೆ ಅಮೆರಿಕದ ವಾಲಿ ಬಯಾಮನು ವಿಮಾನದ ಮೈಯಂತೆ ಅಲ್ಯೂಮಿನಿಯಂ ತಗಡನ್ನು ರಿವೆಟ್ಟಿನಿಂದ ಹೊಲಿದ ಏರ್‌ಸ್ಟ್ರೀಮ್ ಗಾಡಿಗಳನ್ನು ಮಾಡಿದನು. 1959ರಲ್ಲಿ ಅಂಥ ಗಾಡಿಗಳ ದೊಡ್ಡ ಸಾಲೊಂದು ಕೇಪ್‌ಟೌನಿನಿಂದ ಹೊರಟು ಆಫ್ರಿಕವನ್ನು ಉದ್ದಕ್ಕೂ ಹಾಯ್ದು ಮರುವರ್ಷ ಕೈರೋ ಮುಟ್ಟಿತು.

ನಮ್ಮ ಬಂಧುಗಳಿಗೆ ಆಫ್ರಿಕ ಬೇಕಾಗಿರಲಿಲ್ಲ. ಅವರ ಮನೆಯ ದೊಡ್ಡಮ್ಮನಿಗೆ ಎಂಬತ್ತೆರಡು ವರ್ಷ. ಒಂಬತ್ತರ ಹುಡುಗಿಯಾಗಿದ್ದಾಗ ಕಮಾನು ಗಾಡಿಯಲ್ಲಿ ತಿರುಪತಿಗೆ ಹೋದದ್ದು ಆಕೆಗೆ ಇಂದಿಗೂ ದಾರಿಯ ಮರಮರದ ಸಹಿತ ನೆನಪು. ಮಂಡಿ ನೋವು, ಜೊತೆಗೆ ಗಳಿಗೆಗೊಮ್ಮೆ ಬಚ್ಚಲಿಗೆ ಹೋಗಬೇಕಾದ ವಯೋಧರ್ಮ. ಈ ಎರಡರಿಂದ ನಾಲ್ಕು ವರ್ಷಗಳಿಂದ ಆಕೆ ಊರು ಬಿಟ್ಟಿರಲಿಲ್ಲ. 'ದಾರಿಯಲ್ಲಿ ಕಂಡವರ ಬಾಗಿಲಲ್ಲಿ ನಿಂತು ಕೇಳಲಾರೆ' ಎಂದು ಮದುವೆ ಮುಂಜಿಗಳನ್ನೂ ಬಿಟ್ಟುಬಿಟ್ಟಿದ್ದರು. ಮನೆಯಲ್ಲಿ ಇಬ್ಬರು ಗಂಡುಮಕ್ಕಳು. ಹಿರಿಯವನಿಗೆ, ಎಂಟು ಮಂದಿ ಮಲಗುವ ದೊಡ್ಡ ಗಾಡಿಯನ್ನೇ ಕೊಂಡು ಮೊಮ್ಮಕ್ಕಳನ್ನೂ ಕರೆದೊಯ್ಯಬೇಕೆಂಬ ಉತ್ಸಾಹ. ಕಿರಿಯವನಿಗೆ ಸಾಲದ ಭಯ: ಮಾವು ಒಂದು ವರ್ಷ ಕೈತುಂಬ ಕೊಟ್ಟರೆ ಮರುವರ್ಷ ಕೈಚೆಲ್ಲುವ ಬೆಳೆ. ಎರಡು ವರ್ಷದ ಮಾವಿನ ದುಡ್ಡು ಈ ಗಾಡಿಗೆ ಹೋಗುವುದಾದರೆ, ಅದು ಎರಡು ವರ್ಷ ಬಾಳಿದರೆ ಸಾಲದು, ಇಪ್ಪತ್ತು ವರ್ಷ ಬಾಳಬೇಕು. ನ್ಯಾಯವಾದ ಮಾತು.

ನೋಡಲು ಸಿಕ್ಕಿದ್ದು ಎರಡು. ನಮ್ಮ ನಾಡಿನಲ್ಲಿ ಇಂಥವು ಇನ್ನೂ ವಿರಳ. ಒಂದು, ಇಪ್ಪತ್ತಡಿಯ ಥಳಥಳಿಸುವ ಹೊಸ ಗಾಡಿ. ಒಳಗೆ ಕಪಾಟು, ಸೋಫಾ, ಬಣ್ಣದ ದೀಪ. ಇನ್ನೊಂದು, ಹದಿಮೂರಡಿಯ ಫೈಬರ್‌ಗ್ಲಾಸಿನದು, ಬಳಸಿದ್ದು, ಕೋಳಿಮೊಟ್ಟೆಯಂತೆ ಮೂಲೆಯಿಲ್ಲದ ಬಿಳಿಯ ಮೈ. ಒಳಗೆ ನಾಲ್ವರಿಗೆ ಹಾಸಿಗೆ, ಒಂದು ಒಲೆ, ಒಂದು ಪುಟ್ಟ ಶೌಚದ ಗೂಡು. ಸೋದರರು ನನ್ನನ್ನೂ ಕರೆದರು. ನನಗಿಂತ ಮುಖ್ಯವಾಗಿ, ಊರ ಹಳೆಯ ಗಾಡಿ ಬಡಗಿಯೊಬ್ಬರನ್ನು ಕರೆದರು. ಅವರು ಚಕ್ರ ಮಾಡುವುದನ್ನು ಬಿಟ್ಟು ಬಾಗಿಲ ಚೌಕಟ್ಟು ಮಾಡಲು ಹಿಡಿದು ಬಹು ವರ್ಷಗಳಾಗಿವೆ.

ಅವರು ಸೋಫಾ ನೋಡಲಿಲ್ಲ. ಪಂಚೆ ಎತ್ತಿಕಟ್ಟಿ ಗಾಡಿಯ ಅಡಿಗೆ ತೂರಿದರು. ದೊಡ್ಡ ಗಾಡಿಯ ಚೌಕಟ್ಟಿನ ಕಬ್ಬಿಣ ಎರಡು ಕಡೆ ಬೆಸುಗೆ ಹಾಕಿದ್ದು ಚುಕ್ಕೆ ಚುಕ್ಕೆಯಾಗಿ; ಎರಡು ಬೆಸುಗೆಗಳ ನಡುವೆ ಬೆಳಕು ಕಾಣುತ್ತಿತ್ತು. ಬೆಸುಗೆ ಎಂಬುದು ಎರುಬೆ ಸಾಲಿನಂತೆ ಕಡಿಯದೆ ಸಾಗಬೇಕು. ಕಬ್ಬಿಣದ ಮೇಲೆ ಬಣ್ಣ ಬಳಿದಿದ್ದರೆ ಅದರ ಅಡಿಯ ತುಕ್ಕು ಕಾಣದು. ಸತುವಿನಲ್ಲಿ ಅದ್ದಿ ತೆಗೆದ ಚೌಕಟ್ಟಾದರೆ ಮಳೆ, ಕೆಸರು ಎರಡನ್ನೂ ವರ್ಷಗಟ್ಟಲೆ ತಡೆಯುತ್ತದೆ. ಚಿಕ್ಕ ಗಾಡಿಯ ಅಡಿ ಬೂದುಬಣ್ಣದ ಸತುವಿನದಾಗಿತ್ತು. ಅದರ ಮೂತಿಯಿಂದ ಬಾಲದವರೆಗೆ ಎರಡು ತೊಲೆ, ನಡುವೆ ಅಡ್ಡಪಟ್ಟಿ. 'ಇದಕ್ಕೆ ಮೂಕಿ ಸರಿಯಾಗಿದೆ' ಎಂದರು ಬಡಗಿ.

ಆಮೇಲೆ ಗೋಡೆ. ಮನೆಗಾಡಿಯ ಶತ್ರು ದಾರಿಯ ಗುಂಡಿಯಲ್ಲ, ನೀರು. ಮರದ ಪಟ್ಟಿಗಳಿಗೆ ತಗಡು ಹೊದಿಸಿದ ಗೋಡೆಯಾಗಲಿ, ಹಲಗೆಯ ಮೇಲೆ ಹಾಳೆ ಅಂಟಿಸಿದ್ದಾಗಲಿ, ಒಂದು ಕಿಟಕಿಯ ಅಂಚಿನಿಂದ ಹನಿ ಒಳಗಿಳಿದರೆ ಸಾಕು. ಹೊರಗಿನ ಹೊಳಪು ಹಾಗೆಯೇ ಇದ್ದು ಒಳಗಿನ ಮರ ಹಿಟ್ಟಾಗುತ್ತದೆ. ಆದುದರಿಂದ ಗೋಡೆಯನ್ನು ಕೈಗೆಣ್ಣಿನಿಂದ ಉದ್ದಕ್ಕೂ ತಟ್ಟಬೇಕು, ನೆಲದ ಮೂಲೆಗಳನ್ನು ಹಿಮ್ಮಡಿಯಿಂದ ಒತ್ತಬೇಕು, ಹಾಸಿಗೆ ಎತ್ತಿ ಅದರಡಿಯ ಪೆಟ್ಟಿಗೆಯನ್ನು ಮೂಸಬೇಕು. ಮುಗ್ಗಲು ವಾಸನೆ ಸುಳ್ಳಾಡದು. ಛಾವಣಿ ಒಂದೇ ಹಾಳೆಯದೋ, ಎರಡು ಮೂರನ್ನು ಸೇರಿಸಿದ್ದೋ ಕೇಳಬೇಕು. ಪ್ರತಿ ಸೇರಿಕೆಯೂ ನಾಳಿನ ಸೋರಿಕೆ. ಅಚ್ಚಿನಲ್ಲಿ ಎರಕವಾದ ಫೈಬರ್‌ಗ್ಲಾಸಿನ ಚಿಪ್ಪಿಗೆ ಈ ಸೇರಿಕೆಗಳು ಕಡಿಮೆ. ಬಡಗಿಗಳು ಎರಡು ಗಾಡಿಗಳನ್ನೂ ಮೂಲೆಯಿಂದ ಮೂಲೆಗೆ ತಟ್ಟುತ್ತ ಬಂದರು. ಹೊಸದರ ಹಿಂಬದಿಯ ಕಿಟಕಿಯ ಕೆಳಗೆ ನಾದ ಬದಲಾಯಿತು. ಅಲ್ಲಿಗೆ ರಬ್ಬರು ಕೊಳವೆಯಿಂದ ಕಾಲು ಗಂಟೆ ನೀರು ಹಾಯಿಸಿದೆವು. ಒಳಗಿನ ಕಪಾಟಿನ ಹಿಂದೆ ಒದ್ದೆಯ ಗೆರೆಯೊಂದು ನಿಧಾನವಾಗಿ ಇಳಿಯಿತು. ಮಾರುವಾತ ಅದನ್ನು ಆವಿಯೆಂದನು.

ತೂಕದ ಮಾತು ಬಂದಾಗ ಅಣ್ಣತಮ್ಮಂದಿರ ವಾದ ತಾನಾಗಿ ತೀರಿತು. ಎತ್ತಿನ ಗಾಡಿಯಲ್ಲಿ ಹೇರು ಮುಂದಾದರೆ ಎತ್ತಿನ ಕತ್ತು ಕುಸಿಯುತ್ತದೆ. ಹಿಂದಾದರೆ ನೊಗ ಮೇಲೆದ್ದು ಜತ್ತಿಗೆ ಕುತ್ತಿಗೆಯನ್ನು ಬಿಗಿಯುತ್ತದೆ. ಇದನ್ನರಿಯದ ಗಾಡಿಯವನಿಲ್ಲ. ಮನೆಗಾಡಿಯ ಶಾಸ್ತ್ರವೂ ಅದೇ. ಅಮೆರಿಕದ ರೂಢಿಯಲ್ಲಿ ಗಾಡಿಯ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು, ಯುರೋಪಿನ ಹಗುರ ಗಾಡಿಗಳಲ್ಲಿ 5ರಿಂದ 7 ಪಾಲು ಕೊಂಡಿಯ ಮೇಲೆ ಕುಳಿತಿರಬೇಕು. ಬಾಲ ಭಾರವಾದರೆ ವೇಗದಲ್ಲಿ ಗಾಡಿ ಎಡಬಲಕ್ಕೆ ಓಲಾಡತೊಡಗಿ, ಕಡೆಗೆ ಕಾರನ್ನೇ ಹಾವಿನಂತೆ ತಿರುಚಿ ಹಾಕುತ್ತದೆ. ಮೊದಲ ಬಾರಿಗೆ ಎಳೆಯುವವರು ಹೇರು ಸಹಿತ ಗಾಡಿಯ ತೂಕ ಕಾರಿನ ತೂಕದ ನೂರಕ್ಕೆ 85ನ್ನು ಮೀರದಂತೆ ನೋಡಿಕೊಳ್ಳಬೇಕೆಂದು ಬ್ರಿಟನ್ನಿನಲ್ಲಿ ಬುದ್ಧಿ ಹೇಳುತ್ತಾರೆ. ಮನೆಯ ಜೀಪು 1,700 ಕಿಲೋ. ಅಂದರೆ 1,445 ಕಿಲೋ ಮಿತಿ. ದೊಡ್ಡ ಗಾಡಿ ಬರಿದಾಗಿಯೇ ಅದನ್ನು ದಾಟಿತ್ತು. ಬರಿಗಾಡಿಯ ತೂಕ ನೋಡಿ ಮೋಸಹೋಗಬಾರದು: ನೂರು ಲೀಟರು ನೀರೆಂದರೆ ನೂರು ಕಿಲೋ, ಅದರ ಮೇಲೆ ಅಕ್ಕಿ, ರಾಗಿಹಿಟ್ಟು, ಸಿಲಿಂಡರು, ಹಾಸಿಗೆ, ಮತ್ತು ಯಾವ ಗೃಹಿಣಿಯೂ ಬಿಟ್ಟುಬರದ ಒರಳುಕಲ್ಲಿನಂಥ ಸಾಮಾನು. ಚಿಕ್ಕ ಗಾಡಿಗೆ ಇಷ್ಟೆಲ್ಲ ತುಂಬಿ ಶ್ರೀನಿವಾಸಪುರದಲ್ಲಿ ಮಾವಿನ ಲಾರಿಗಳನ್ನು ತೂಗುವ ಕಟ್ಟೆಯ ಮೇಲೆ ನಿಲ್ಲಿಸಿದಾಗ 1,050 ಕಿಲೋ ತೋರಿಸಿತು. ತೂಗುವವನು ರಸೀದಿಯಲ್ಲಿ ಸರಕಿನ ಹೆಸರು ಏನು ಬರೆಯಲೆಂದು ಬಹಳ ಹೊತ್ತು ಯೋಚಿಸಿದನು.

ಅಗಲವೂ ಮುಖ್ಯ. ಕಾನೂನು 2.6 ಮೀಟರಿನವರೆಗೆ ಒಪ್ಪುತ್ತದೆ. ಆದರೆ ನಮ್ಮ ಹಳ್ಳಿಗಳ ಡಾಂಬರು ದಾರಿ ಅನೇಕ ಕಡೆ 3.75 ಮೀಟರು, ಕೆಲವೆಡೆ ಅದಕ್ಕೂ ಕಡಿಮೆ. ಎದುರಿಗೆ ಟೊಮೇಟೊ ಹೇರಿದ ಟೆಂಪೊ ಬಂದರೆ ಕಾನೂನಿನ ಪುಸ್ತಕ ದಾರಿ ಬಿಡಿಸದು. ನೋಂದಣಿಯ ವಿಚಾರದಲ್ಲಿ ಹೆದರಿಕೆ ಬೇಡ: ಸ್ವಂತ ಬಳಕೆಯ ಕ್ಯಾಂಪರ್ ವ್ಯಾನು, ಟ್ರೈಲರುಗಳನ್ನು ಕೇಂದ್ರ ಸರ್ಕಾರದ 2004ರ ಅಧಿಸೂಚನೆ ಸಾರಿಗೆಯೇತರ ವಾಹನಗಳ ಸಾಲಿಗೆ ಸೇರಿಸಿದೆ. ಆದರೆ ಕಾಗದಪತ್ರ ಸರಿಯಾಗಿರುವ ಗಾಡಿಯನ್ನೇ ಕೊಳ್ಳಬೇಕು. ಮೂಲೆ ಗ್ಯಾರೇಜಿನಲ್ಲಿ ಕಟ್ಟಿಸಿ ರಸ್ತೆಗಿಳಿಸುವ ಸಾಹಸ ಬೇಡ.

ಇನ್ನು ತಡೆ. ಮುಳಬಾಗಿಲಿನಿಂದ ಪಲಮನೇರಿನವರೆಗೆ ನೆಲ ನಮ್ಮ ಮೈದಾನದಂತೆಯೇ ಇದೆ. ಅಲ್ಲಿಂದ ಮೊಗಿಲಿ ಘಾಟಿಯಲ್ಲಿ ರಸ್ತೆ ಚಿತ್ತೂರಿನ ಕಡೆಗೆ ಇಳಿಯುತ್ತದೆ. ಪಲಮನೇರಿಗೂ ಚಿತ್ತೂರಿಗೂ ಎತ್ತರದಲ್ಲಿ ಸಾವಿರ ಅಡಿಗೂ ಮೀರಿದ ವ್ಯತ್ಯಾಸ. ಅಪಘಾತಗಳಿಗೆ ಹೆಸರಾದ ದಾರಿ. ಹಿಂದೆ ಇಂಥ ಇಳುಕಲಿನಲ್ಲಿ ಚಕ್ರಕ್ಕೆ ಮರದ ತುಂಡನ್ನು ಒತ್ತಿ ಹಗ್ಗ ಬಿಗಿಯುತ್ತಿದ್ದರು. ಮನೆಗಾಡಿಗೂ ತನ್ನದೇ ತಡೆಯಿರಬೇಕು. ಒಂದು ಟನ್ನು ಭಾರ ಬೆನ್ನಿಗೆ ನಿಂತು ನೂಕುವಾಗ ಕಾರಿನ ಬ್ರೇಕೊಂದೇ ಕಾದು ಸೋಲುತ್ತದೆ. ಚಿಕ್ಕ ಗಾಡಿಯದು ಸರಳ ಉಪಾಯ: ಕಾರು ನಿಧಾನಿಸಿದಾಗ ಹಿಂದಿನ ಗಾಡಿ ಮುಂದಕ್ಕೆ ಒತ್ತುತ್ತದೆ, ಆ ಒತ್ತಡಕ್ಕೆ ಕೊಂಡಿಯ ದಂಡ ಒಳಸರಿದು ತಂತಿಯೆಳೆದು ಗಾಡಿಯ ಚಕ್ರಗಳನ್ನು ತಾನೇ ಹಿಡಿಯುತ್ತದೆ. ನೂಕುವ ಶಕ್ತಿಯಿಂದಲೇ ನೂಕನ್ನು ತಡೆಯುವ ಈ ಯುಕ್ತಿಯನ್ನು ಬಡಗಿಗಳು ಮೂರು ಬಾರಿ ಮಾಡಿಸಿ ನೋಡಿದರು. ಕೊಂಡಿ ಕಳಚಿದರೆ ಬ್ರೇಕನ್ನು ಎಳೆಯುವ ಇನ್ನೊಂದು ತೆಳುತಂತಿಯೂ ಉಂಟು. ಅದಿಲ್ಲದ ಗಾಡಿಯನ್ನು ಪುಕ್ಕಟೆ ಕೊಟ್ಟರೂ ಒಲ್ಲೆನೆನ್ನಬೇಕು. ಟಯರಿನ ಪಕ್ಕದ ಅಕ್ಷರಗಳ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ನೆಯ ಇಸವಿಯ ಇಪ್ಪತ್ಮೂರನೆಯ ವಾರ. ನಿಂತೇ ಮುದಿಯಾಗುವ ಟಯರುಗಳಿವು. ಅಚ್ಚು ಸವೆಯದಿದ್ದರೂ ರಬ್ಬರು ಬಿರಿದಿರುತ್ತದೆ. ಚಿಕ್ಕ ಗಾಡಿಯ ಎರಡನ್ನೂ ಬದಲಾಯಿಸಬೇಕಾಯಿತು. ಬೆಲೆಯಲ್ಲಿ ಅಷ್ಟನ್ನು ಕಡಿಸಿದರು.

ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದಲ್ಲಿ ಮಡುಗಟ್ಟುತ್ತದೆ. ಗಾಳಿಗಂಡಿ ಮೇಲೆ ಮಾತ್ರವಲ್ಲ, ನೆಲದ ಮಟ್ಟದಲ್ಲೂ ಇರಲೇಬೇಕು. ಓಡುವಾಗ ಮನೆಗಾಡಿಯೊಳಗೆ ಯಾರೂ ಕೂರಬಾರದೆಂಬುದೂ ನೆನಪಿರಲಿ. ದೊಡ್ಡಮ್ಮನಿಗೆ ಒಪ್ಪಿಸಲು ಕಷ್ಟವಾದದ್ದು ಇದೊಂದೇ. ಗಾಡಿಯೆಂದ ಮೇಲೆ ಅದರೊಳಗೆ ಮಲಗಿ ಹೋಗುವುದೆಂದು ಆಕೆ ತಿಳಿದಿದ್ದರು. 'ನಾವು ಮುಂದೆ, ಮನೆ ಹಿಂದೆಯೇ?' ಎಂದು ಕೇಳಿದರು.

ಹಿರಿಯ ಮಗನಿಗೆ ಮನಸ್ಸು ಪೂರ್ತಿ ಒಪ್ಪಿತೆಂದು ಹೇಳಲಾರೆ. ಎಂಟು ಮಂದಿಯ ಗಾಡಿ ನಾಲ್ವರಿಗಿಳಿಯಿತು. ಮೊಮ್ಮಕ್ಕಳು ಹೊರಗೆ ಡೇರೆಯಲ್ಲಿ ಮಲಗಬೇಕಾಯಿತು, ಅದರಿಂದ ಅವರಿಗೆ ಪರಮಾನಂದವಾದದ್ದು ಬೇರೆ ಮಾತು. ಸಾಲ ಮಾಡಲಿಲ್ಲ, ಎರಡು ವರ್ಷದ ದುಡ್ಡಿನ ಬದಲು ಒಂದು ವರ್ಷದ್ದು ಹೋಯಿತು. ಮುಂದಿನ ಸಲ ಮಾವು ಕೈಕೊಟ್ಟರೆ ಕಿರಿಯವನು ಮತ್ತೆ ಲೆಕ್ಕ ತೆಗೆದಾನು. ಶಿವರಾತ್ರಿಗೆ ಆವನಿಯಲ್ಲಿ ಒಂದು ರಾತ್ರಿ ತಂಗಿ ಪರೀಕ್ಷೆ ಮಾಡಿದರು. ಹೋರಿ ಮಾರಲು ಬಂದ ರೈತರು ಗಾಡಿಯ ಸುತ್ತ ನೆರೆದು, ಹಲ್ಲು ನೋಡುವವರಂತೆ ಚಕ್ರ ಅಲ್ಲಾಡಿಸಿ, ಬೆಲೆ ಕೇಳಿ, ಅದೇ ಹಣಕ್ಕೆ ಎಷ್ಟು ಜೊತೆ ಎತ್ತು ಬರುವುದೆಂದು ಲೆಕ್ಕ ಹೇಳಿ ಹೋದರು.

ತಿರುಪತಿಗೆ ಹೊರಟದ್ದು ಅದಾದ ಮೂರು ವಾರಕ್ಕೆ. ನಾನೂ ಜೊತೆಗಿದ್ದೆ. ನರಸಿಂಹತೀರ್ಥದ ಬಳಿ ಮೊದಲ ನಿಲುಗಡೆ. ದೊಡ್ಡಮ್ಮ ಎರಡು ಮೆಟ್ಟಿಲು ಹತ್ತಿ ಗಾಡಿಯೊಳಗೆ ಹೋಗಿ, ತಮ್ಮ ಕೆಲಸ ಮುಗಿಸಿ, ಯಾರನ್ನೂ ಕೇಳದೆ ಇಳಿದು ಬಂದರು. ನಾಲ್ಕು ವರ್ಷದಲ್ಲಿ ಮೊದಲ ಬಾರಿ. ಮೊಗಿಲಿಯ ಇಳುಕಲನ್ನು ಎರಡನೆಯ ಗೇರಿನಲ್ಲಿ ಇಳಿದೆವು. ಹಿಂದಿನ ಲಾರಿಗಳು ಹಾರನ್ನು ಬಾರಿಸಿ ಬೈದು ಮುಂದೆ ಹೋದವು. ತಪ್ಪಲಲ್ಲಿ ನಿಲ್ಲಿಸಿ ಚಕ್ರದ ಡ್ರಮ್ಮಿನ ಹತ್ತಿರ ಕೈ ಹಿಡಿದು ನೋಡಿದರೆ ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಗಾಡಿಯನ್ನು ಬೆಟ್ಟದ ಮೇಲಕ್ಕೆ ಎಳೆಯುವ ಯೋಚನೆ ನಮಗಿರಲಿಲ್ಲ. ಕೆಳಗೇ ಬಿಟ್ಟು ಹೋಗುವುದೆಂದು ಮೊದಲೇ ಗೊತ್ತುಮಾಡಿದ್ದೆವು. ಚಿತ್ತೂರಿನ ಈಚೆಗೆ ಹುಣಿಸೆಯ ಮರವೊಂದರ ಕೆಳಗೆ ಆ ರಾತ್ರಿಯ ಬಿಡಾರ. ಹೊಸ ಟಯರು ಹಾಕಿದ ಮೇಲೆ ಮೊದಲ ಎಂಬತ್ತು ಕಿಲೋಮೀಟರಿಗೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕೆಂಬುದು ನಿಯಮ. ದಣಿದಿದ್ದ ಹಿರಿಯವನು ಬೆಳಗ್ಗೆ ನೋಡಿದರಾಯಿತೆಂದು ಚಾಪೆ ಹಾಸಿದ್ದನು. ಒಳಗಿನಿಂದ ದೊಡ್ಡಮ್ಮನ ದನಿ ಕೇಳಿತು: 'ಕಡಾಣಿ ನೋಡಿದೆಯೇನೋ?' ಆತ ಎದ್ದು ಟಾರ್ಚು ಹುಡುಕಿದನು.